ಮೋಟ್ರು ಮನೆಯ ಕೆಂಪು ಬಲ್ಬು

ಕಳೆದ ಬೇಸಿಗೆಯಲ್ಲಿ ಮಾಯಸಂದ್ರದ ಕಡೆ ನೆಂಟರ ತೋಟದ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಸೆಕೆಗೆ ನಿದ್ದೆ ಹತ್ತದೆ ಜಗಲಿಯ ಮೇಲೆ ಹೊರಳಾಡುತ್ತಿದ್ದಾಗ ಎಲ್ಲೋ ಒಂದು ಮೋಟ್ರು ಗುರ್ ಎಂದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಆ ವಾಸನೆಯೂ ಬಂತು. ಹಗಲೆಲ್ಲ ಕಾದ ತೆಂಗಿನ ಪಾತಿಯ ಮಣ್ಣಿಗೆ ರಾತ್ರಿ ನೀರು ಬಿದ್ದಾಗ ಏಳುವ ವಾಸನೆ. ಜೊತೆಗೆ ಕೊಳೆತ ಗರಿ, ಬಿಸಿಯಾದ ಗ್ರೀಸು. ನಾನು ಎದ್ದು ಕೂತೆ. ಕತ್ತಲಲ್ಲಿ ನನ್ನ ಕಣ್ಣು ತಾನಾಗಿಯೇ ಒಂದು ಕೆಂಪು ದೀಪವನ್ನು ಹುಡುಕುತ್ತಿತ್ತು. ನಿವೃತ್ತನಾಗಿ ಇಷ್ಟು ಕಾಲವಾದರೂ ಆ ಚಾಳಿ ನನ್ನನ್ನು ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ, ಅದರ ಪಕ್ಕದ ದಿಬ್ಬದ ಮೇಲೆ ವಿದ್ಯುತ್ ಉಪಕೇಂದ್ರ. ನಾನು ಅಲ್ಲಿ ಆಪರೇಟರ್. ಊರಿನವರ ಬಾಯಲ್ಲಿ ಆಪ್ರೇಟ್ರು. ಸುತ್ತಲಿನ ಹಳ್ಳಿಗಳ ಲೈನುಗಳಿಗೆ ಕರೆಂಟು ಬಿಡುವುದು, ತೆಗೆಯುವುದು ನನ್ನ ಕೆಲಸ. ಕರೆಂಟು ಬಂದರೆ ಯಾರೂ ನನ್ನನ್ನು ನೆನೆಯುತ್ತಿರಲಿಲ್ಲ, ಹೋದರೆ ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದರು.

ನಮ್ಮ ಮಗಳು ಚೈತ್ರ ಅಂಬೆಗಾಲು ಬಿಟ್ಟು ಓಡಲು ಕಲಿತಿದ್ದ ಹೊತ್ತಿಗೆ ನನ್ನ ಹೆಂಡತಿ ಸುಮಿತ್ರಳಿಗೆ ತುಮಕೂರಿನಲ್ಲಿ ಟಿಸಿಎಚ್ ಸೀಟು ಸಿಕ್ಕಿತು. ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಓದಿ ಪಾಸಾದರೆ ಸರ್ಕಾರಿ ಶಾಲೆಯ ಮೇಡಂ ಆಗಬಹುದು. ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಅದೊಂದೇ ಆಸೆ. ಸೀಟು ಸಿಕ್ಕ ಸುದ್ದಿ ಬಂದ ದಿನ ಅವಳು ಸಂತೋಷ ಪಡುವುದಕ್ಕೂ ಹೆದರಿ ಮಗಳ ಮುಖ ನೋಡುತ್ತ ಕೂತಿದ್ದಳು. "ಹೋಗು, ನಾನು ನೋಡ್ಕೋತೀನಿ" ಎಂದೆ. ಹೇಗೆ ನೋಡಿಕೊಳ್ಳುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ಹುಳಿಯಾರಿನಲ್ಲಿದ್ದ ನನ್ನ ಸೋದರಮಾವನ ಹೆಂಡತಿ ಕೂಡಲೇ ಹೇಳಿ ಕಳಿಸಿದಳು. "ಮಗೀನ ತಂದು ಇಲ್ಲಿ ಬುಡು ಕಣಪ್ಪ. ನಿನ್ನ ಸಾಕ್ದೋಳಿಗೆ ನಿನ್ನ ಮಗಳನ್ನ ಸಾಕಕ್ಕಾಗಲ್ವಾ?"

ಸಾಕಿದ್ದು ನಿಜ. ಅವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅತ್ತೆಯ ಆ ಮನೆಯಲ್ಲೇ. ಯಾರೂ ಹೊಡೆಯಲಿಲ್ಲ, ಯಾರೂ ಬಯ್ಯಲಿಲ್ಲ. ಆದರೂ ಇನ್ನೊಂದು ಮುದ್ದೆ ಬೇಕು ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ. ನನ್ನ ಮಗಳು ಮುದ್ದೆಗೆ ಹಟ ಮಾಡಬೇಕು, ತಟ್ಟೆ ನೂಕಬೇಕು, ಬೇಡ ಅಂದದ್ದನ್ನು ಮತ್ತೆ ಬೇಕು ಅನ್ನಬೇಕು. ಅದಕ್ಕೆ ಅವಳು ತನ್ನ ಮನೆಯಲ್ಲೇ ಇರಬೇಕು. ಇದನ್ನು ಅತ್ತೆಗೆ ಹೇಳುವುದು ಹೇಗೆ? ನೋಡೋಣ ಎಂದು ಹೇಳಿ ಜಾರಿಕೊಂಡೆ.

ನನ್ನ ಲೆಕ್ಕ ಸರಳವಾಗಿತ್ತು. ಸರದಿಯ ಮೇಲೆ ಎಲ್ಲರೂ ಮಾಡುತ್ತಿದ್ದ ರಾತ್ರಿ ಪಾಳಿಯನ್ನು ಪೂರ್ತಿ ನಾನೇ ವಹಿಸಿಕೊಂಡುಬಿಡುವುದು. ಹಗಲು ನಾನು ಮಗುವಿನ ಜೊತೆ. ರಾತ್ರಿ ಹೇಗಿದ್ದರೂ ಅದು ಮಲಗಿರುತ್ತದೆ, ಪಕ್ಕದಲ್ಲಿ ಒಬ್ಬರು ಮಲಗಿದ್ದರೆ ಸಾಕು. ಜೊತೆಯವರು ನನ್ನನ್ನು ಹುಚ್ಚ ಅಂದುಕೊಂಡು, ನನ್ನ ಮನಸ್ಸು ಬದಲಾಗುವ ಮೊದಲೇ ಒಪ್ಪಿದರು. ಪಕ್ಕದಲ್ಲಿ ಮಲಗಲು ಪಕ್ಕದ ಮನೆಯ ಗಂಗಕ್ಕ ಒಪ್ಪಿದಳು. ಗಂಡ ತೀರಿಹೋಗಿ, ಮಗಳು ಮದುವೆಯಾಗಿ ಹೋದ ಮೇಲೆ ಗಂಗಕ್ಕನಿಗೆ ಉಳಿದದ್ದು ಕೆರೆ ಕೆಳಗಿನ ಒಂದು ತುಂಡು ತೆಂಗಿನ ತೋಟ. ಅದನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಚೈತ್ರಳಿಗೆ ಅವಳು ಗಂಗಜ್ಜಿ.

ಲೆಕ್ಕದಲ್ಲಿ ನನ್ನ ನಿದ್ದೆಯೊಂದನ್ನು ಮರೆತಿದ್ದೆ. ಬೆಳಗ್ಗೆ ಪಾಳಿ ಮುಗಿಸಿ ಬಂದವನು ಮಗುವಿಗೆ ಸ್ನಾನ ಮಾಡಿಸಿ, ಉಣಿಸಿ, ಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗುತ್ತಿದ್ದೆ. ಅವಳು ಆಚೆ ಹೋಗಬೇಕಾದರೆ ನನ್ನನ್ನು ತುಳಿದೇ ಹೋಗಬೇಕು. ಹಾದಿಯಲ್ಲಿ ಹೋಗುವವರು ಬಾಗಿಲಲ್ಲಿ ಬಿದ್ದಿದ್ದ ನನ್ನನ್ನು ನೋಡಿ ಮೊದಮೊದಲು ಬೇರೆಯೇ ಅರ್ಥ ಮಾಡಿಕೊಂಡಿದ್ದರು. ಚೈತ್ರ ಕರಟಗಳನ್ನು ಸಾಲಾಗಿಟ್ಟು ಅಡುಗೆ ಮಾಡುತ್ತಿದ್ದಳು. ಮಣ್ಣಿನ ಸಾರು ಕುದಿದ ಮೇಲೆ ನನ್ನ ರೆಪ್ಪೆಯನ್ನು ಬೆರಳಿನಿಂದ ಎತ್ತಿ, "ಅಪ್ಪ, ಊಟ" ಅನ್ನುವಳು. ನಾನು ಉಂಡ ಹಾಗೆ ಮಾಡಿ, ಚೆನ್ನಾಗಿದೆ ಎಂದು, ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಕೆಲವು ದಿನ ನಿಜವಾಗಿಯೂ ಒಂದಿಷ್ಟು ಮಣ್ಣು ಒಳಗೆ ಹೋಗಿರಬೇಕು. ಅಡುಗೆ ಬೇಸರವಾದರೆ ಕರಟವನ್ನು ಕಿವಿಗಿಟ್ಟುಕೊಂಡು ಫೋನು. "ಹಲೋ, ಲೈನ್ ಬಿಡ್ಲಾ? ಬ್ಯಾಡ್ವಾ? ಸರಿ ಸರ್." ಹೀಗೆ ತುಂಡು ತುಂಡು ನಿದ್ದೆಯಲ್ಲೇ ಮೊದಲ ವರ್ಷ ಕಳೆಯಿತು. ಕಣ್ಣು ಉರಿಯುತ್ತಿತ್ತು, ಮೈ ಭಾರ. ಆದರೂ ಬಿಡುವುದಿಲ್ಲ ಎಂಬ ಹಟ ಅದಕ್ಕಿಂತ ಗಟ್ಟಿಯಾಗಿತ್ತು.

ಪರೀಕ್ಷೆ ಬಂದದ್ದು ಎರಡನೇ ವರ್ಷದ ಬೇಸಿಗೆಯಲ್ಲಿ. ಸುಮಿತ್ರಳಿಗೂ, ನನಗೂ.

ಶಿವರಾತ್ರಿ ಕಳೆದು ಬಿಸಿಲು ಏರಿದ ಹಾಗೆ ಕರೆಂಟಿಗೆ ಬರ ಬಂತು. ಪಂಪ್‌ಸೆಟ್ಟುಗಳಿಗೆ ಬೇಕಾದ ತ್ರೀ ಫೇಸನ್ನು ಹಗಲು ಪೂರ್ತಿ ನಿಲ್ಲಿಸಿ, ರಾತ್ರಿ ಮಾತ್ರ ಬಿಡಬೇಕೆಂದು ಮೇಲಿನಿಂದ ಆದೇಶವಾಯಿತು. ಎಷ್ಟು ಹೊತ್ತಿಗೆ ಎಂಬುದು ಆ ರಾತ್ರಿ ಫೋನು ಬಂದಾಗಲೇ ಗೊತ್ತಾಗುತ್ತಿತ್ತು. ಕಂಟ್ರೋಲ್ ರೂಮಿನ ಪ್ಯಾನೆಲ್ಲಿನಲ್ಲಿ ನಾನು ಹ್ಯಾಂಡಲ್ ತಿರುಗಿಸಿದರೆ ಸಾಕು, ದಿಬ್ಬದ ಕೆಳಗಿನ ಕತ್ತಲಲ್ಲಿ ತೋಟ ತೋಟದಲ್ಲೂ ಬಲ್ಬುಗಳು ಹತ್ತಿಕೊಳ್ಳುತ್ತಿದ್ದವು. ತ್ರೀ ಫೇಸ್ ಬಂದಾಗ ಮಾತ್ರ ಹತ್ತುವ ಹಾಗೆ ಎಲ್ಲರೂ ಮೋಟ್ರು ಮನೆಗೊಂದು ಬಲ್ಬು ಕಟ್ಟಿಕೊಂಡಿದ್ದರು. ಅದು ಹತ್ತಿದ್ದನ್ನು ನೋಡಿ ಜನ ಎದ್ದು ಸನಿಕೆ ಹಿಡಿದು ಹೊರಡುವರು. ನೀರು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹರಿಯುವ ಹಾಗೆ ತಿರುಗಿಸುತ್ತ ಬೆಳಗು ಮಾಡುವರು. ಇಡೀ ಊರು ನನ್ನ ಹಾಗೆಯೇ ರಾತ್ರಿ ಪಾಳಿಗೆ ಬಿದ್ದಿತ್ತು ಎಂದು ನನಗೆ ಒಳಗೊಳಗೇ ನಗು.

ಒಂದು ಬೆಳಗ್ಗೆ ಬಂದು ನೋಡಿದರೆ ಚೈತ್ರಳ ಗಂಟಲು ಕಟ್ಟಿತ್ತು, ಕಣ್ಣು ಊದಿತ್ತು. ಗಂಗಕ್ಕ ಏನನ್ನೂ ಮುಚ್ಚಿಡುವ ಹೆಂಗಸಲ್ಲ.

"ಕರೆಂಟು ಬಂತಲ್ಲ, ತ್ವಾಟಕ್ಕೆ ಹೋಗಿದ್ದೆ ಕಣಪ್ಪ. ಮಗ ಚೆನ್ನಾಗಿ ಮಲಗಿತ್ತು. ಆಚೆಯಿಂದ ಚಿಲಕ ಹಾಕ್ಕಂಡು ಹೋದೆ. ನಡುವೆ ಎದ್ದು ಅತ್ತೈತೆ."

"ಮಗು ಒಂದನ್ನೇ ಒಳಗೆ ಬಿಟ್ಟು ಚಿಲಕ ಹಾಕಿದ್ಯಾ ಗಂಗಕ್ಕ?" ನನ್ನ ದನಿ ಬೀದಿಗೆಲ್ಲ ಕೇಳಿರಬೇಕು.

ಅವಳೂ ಬಿಡಲಿಲ್ಲ. "ರೇಗಬ್ಯಾಡ. ಕರೆಂಟು ಬುಟ್ಟೋನು ಯಾರು? ನೀನೇ ಅಲ್ವಾ? ನೀನು ಬುಟ್ರೆ ನಾನು ಏಳ್ಲೇಬೇಕು. ನೀನು ಬುಡಬ್ಯಾಡ, ನಾನು ಏಳಲ್ಲ. ಮರ ಒಣಗೋದ್ರೆ ಒಣಗ್ಲಿ."

ಇಷ್ಟು ದಿನ ಹ್ಯಾಂಡಲ್ ತಿರುಗಿಸಿದವನು ನಾನು. ತಿರುಗಿಸಿದ ಪ್ರತಿ ಸಲವೂ ನನ್ನ ಮಗಳ ಮಗ್ಗುಲಿನಿಂದ ಗಂಗಕ್ಕನನ್ನು ಎಬ್ಬಿಸಿ ಕಳಿಸಿದವನೂ ನಾನೇ. ಊರಿನ ಎಲ್ಲ ಬಲ್ಬುಗಳು ಕಾಣುತ್ತಿದ್ದ ನನಗೆ ಅದೊಂದು ಹೊಳೆದಿರಲಿಲ್ಲ. ಹುಳಿಯಾರಿನ ಅತ್ತೆಯ ಮಾತು ಕಿವಿಯಲ್ಲಿ ಗುಂಯ್ ಅಂದಿತು. ಅಳುತ್ತಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡಿದೆ. ಸುಮಿತ್ರಳ ಪರೀಕ್ಷೆಗೆ ಇನ್ನು ಉಳಿದಿದ್ದದ್ದು ಆ ಬೇಸಿಗೆಯೊಂದೇ. ಇಲ್ಲಿ ಕೈಬಿಟ್ಟರೆ ಇಷ್ಟು ದಿನದ್ದೆಲ್ಲ ನೀರಿನಲ್ಲಿ ಹೋಮ.

ಸಂಜೆ ಗಂಗಕ್ಕನೇ ಬಂದಳು. ಸಿಟ್ಟು ಇಳಿದಿತ್ತು. "ಮಗೀನೂ ತ್ವಾಟಕ್ಕೇ ಎತ್ಕಂಡೋಗ್ತೀನಿ ಬುಡು. ನನ್ನ ಮಗಳು ಬೆಳೆದದ್ದೂ ಮೋಟ್ರು ಮನೇಲೇ."

ಮಾರನೆಯ ಹಗಲು ನಾನು ಮಲಗಲಿಲ್ಲ. ಚೈತ್ರಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಚೀಲದಲ್ಲಿ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಹಾಕಿಕೊಂಡು ಗಂಗಕ್ಕನ ತೋಟಕ್ಕೆ ಹೋದೆ. ಮೋಟ್ರು ಮನೆಯ ಬಾಗಿಲು ತೆಗೆದು ನೋಡಿದೆ. ಸ್ಟಾರ್ಟರ್ ಡಬ್ಬಿಗೆ ಮುಚ್ಚಳವೇ ಇಲ್ಲ, ವೈರು ಅಲ್ಲಲ್ಲಿ ಬಾಯಿ ಬಿಟ್ಟಿತ್ತು, ಅರ್ಥಿಂಗ್ ಎಂದೋ ತುಂಡಾಗಿತ್ತು. ಊರೂರಿಗೆ ಕರೆಂಟು ಬಿಡುತ್ತಿದ್ದ ನಾನು ಆ ಒಂದು ಕೋಣೆಗೆ ಹೆದರಿದಷ್ಟು ಯಾವುದಕ್ಕೂ ಹೆದರಿರಲಿಲ್ಲ. ಹಳೆಯ ವೈರು ಕಿತ್ತು ಹೊಸದು ಎಳೆದೆ. ಡಬ್ಬಿಗೆ ಮರದ ಮುಚ್ಚಳ ಮಾಡಿ, ಮಗುವಿನ ಕೈಗೆ ಎಟುಕದಷ್ಟು ಮೇಲಕ್ಕೆ ಏರಿಸಿದೆ. ಹೊರಗೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಪೈಪು ಇಳಿಸಿದೆ. ಆಚೆ ಮೂಲೆಗೆ ನಾರಿನ ಹಗ್ಗದ ಮಂಚ ಹಾಕಿ, ಮೋಟ್ರಿಗೂ ಮಂಚಕ್ಕೂ ನಡುವೆ ಅಡಕೆ ದಬ್ಬೆಯ ತಡಿಕೆ ಕಟ್ಟಿದೆ. ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ನಿನ್ನ ಮಗಳ ದೆಸೆಯಿಂದ ನನ್ನ ಮೋಟ್ರು ಮನೆಗೆ ಮದುವೆ ಮನೆ ಕಳೆ ಬಂತು ಕಣಪ್ಪ."

ಕೊನೆಯದಾಗಿ ಒಂದು ಕೆಲಸ ಮಾಡಿದೆ. ದೇವರ ಪಟದ ಮುಂದೆ ಹಾಕುವ ಕೆಂಪು ಬಲ್ಬೊಂದನ್ನು ತಂದಿದ್ದೆ. ಅದನ್ನು ಒಂದು ಉದ್ದನೆಯ ಗಳದ ತುದಿಗೆ ಕಟ್ಟಿ, ಮಳೆ ಬಿದ್ದರೂ ತಡೆಯಲೆಂದು ಮೇಲೆ ಒಂದು ಕರಟ ಕವುಚಿ, ಗಳವನ್ನು ಮೋಟ್ರು ಮನೆಯ ಗೋಡೆಗೆ ನಿಲ್ಲಿಸಿದೆ. ಅದಕ್ಕೆ ಬೇರೆ ಸ್ವಿಚ್ಚು.

"ಮಗೂನ ಮಂಚದ ಮೇಲೆ ಮಲಗಿಸಿ ಆದ್ಮೇಲೆ ಇದನ್ನ ಹಾಕು ಗಂಗಕ್ಕ. ನನಗೆ ಸ್ಟೇಷನ್ನಿಂದ ಕಾಣ್ತದೆ."

ಊರಿನವರಿಗೆ ಕೆಂಪು ಅಂದರೆ ಅಪಾಯ. ನಮ್ಮ ಕಂಟ್ರೋಲ್ ರೂಮಿನಲ್ಲಿ ಹಾಗಲ್ಲ. ಅಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಲೈನಿಗೆ ಜೀವ ಇದೆ ಎಂದು ಅರ್ಥ. ಆವತ್ತಿನಿಂದ ಪ್ರತಿ ರಾತ್ರಿಯೂ ಹ್ಯಾಂಡಲ್ ತಿರುಗಿಸಿ, ಕಿಟಕಿಗೆ ಬಂದು ನಿಲ್ಲುತ್ತಿದ್ದೆ. ಕೆಳಗೆ ಬಲ್ಬುಗಳು ಹತ್ತುವವು. ಗಂಗಕ್ಕ ಎದ್ದಳು, ಮಗುವನ್ನು ಎತ್ತಿಕೊಂಡಳು, ಕೆರೆ ಏರಿ ಇಳಿದಳು, ಮಲಗಿಸಿದಳು ಎಂದು ಮನಸ್ಸಿನಲ್ಲೇ ಅವಳ ಹಿಂದೆ ನಡೆಯುತ್ತಿದ್ದೆ. ಆಮೇಲೆ ಬಿಳಿ ಬಲ್ಬುಗಳ ನಡುವೆ ಒಂದು ಕೆಂಪು ಚುಕ್ಕಿ. ಅದನ್ನು ನೋಡಿ ಟೀ ಕುಡಿಯುತ್ತಿದ್ದೆ. ಅಷ್ಟು ರುಚಿಯಾದ ಟೀ ಆಮೇಲೆ ಎಲ್ಲೂ ಕುಡಿದಿಲ್ಲ.

ಯುಗಾದಿ ಕಳೆಯಿತು. ಮೋಟ್ರಿನ ಸದ್ದಿಗೆ ಚೈತ್ರ ಎಷ್ಟು ಒಗ್ಗಿಕೊಂಡಳೆಂದರೆ ಹಗಲು ಮಲಗಿಸಬೇಕಾದರೆ ನಾನೇ ಗುರ್ ಎಂದು ಸದ್ದು ಮಾಡಬೇಕಿತ್ತು. ಸುಮಿತ್ರಳಿಗೆ ಇದೊಂದನ್ನೂ ಹೇಳಿರಲಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ಕೂತು ನಗುತ್ತ ಹೇಳೋಣ ಅಂದುಕೊಂಡಿದ್ದೆ.

ಪರೀಕ್ಷೆಗೆ ಇನ್ನು ಕೆಲವೇ ದಿನವಿದ್ದಾಗ ಒಂದು ರಾತ್ರಿ ಕೆಂಪು ಬಲ್ಬು ಹತ್ತಲಿಲ್ಲ.

ಮೊದಲು ಗಂಗಕ್ಕ ತಡವಾಗಿ ಎದ್ದಿರಬೇಕು ಅಂದುಕೊಂಡೆ. ಟೀ ಆರಿತು. ಬಲ್ಬು ಸುಟ್ಟಿರಬಹುದು. ಗಳ ಬಿದ್ದಿರಬಹುದು. ಮಗುವಿಗೆ ಜ್ವರ ಬಂದಿರಬಹುದು. ಹಾದಿಯಲ್ಲಿ ಹಾವು... ಅದರ ಮುಂದಕ್ಕೆ ಯೋಚಿಸದಿರಲು ಎದ್ದು ಯಾರ್ಡಿನಲ್ಲಿ ಸುತ್ತು ಹಾಕಿ ಬಂದೆ. ರಾತ್ರಿ ಪಾಳಿಗೆ ನಾನೊಬ್ಬನೇ. ಊರಿನಲ್ಲಿ ಫೋನು ಇದ್ದದ್ದು ಒಂದು ಅಂಗಡಿಯಲ್ಲಿ, ಅದೂ ಬಾಗಿಲು ಹಾಕಿತ್ತು. ಓಡಿ ಹೋಗಿ ನೋಡಿ ಬರೋಣವೆಂದು ಗೇಟಿನ ತನಕ ಹೋದೆ.

ಗೇಟಿನ ಹತ್ತಿರ ನಿಂತು ಕೆಳಗೆ ನೋಡಿದೆ. ಅಷ್ಟೂ ತೋಟಗಳಲ್ಲಿ ಜನ ಬರಿಗಾಲಲ್ಲಿ ನೀರಿನೊಳಗೆ ನಿಂತಿದ್ದರು. ಒಂದು ಗರಿ ಕಳಚಿ ಲೈನಿನ ಮೇಲೆ ಬಿದ್ದು ತಂತಿ ತುಂಡಾದರೆ ಕರೆಂಟನ್ನು ತಕ್ಷಣ ತೆಗೆಯಬೇಕಾದವನು ನಾನು. ಗಂಗಕ್ಕ ಆ ನೀರಿನಲ್ಲೇ ಇರಬಹುದು, ಅವಳ ಹೆಗಲ ಮೇಲೆ ನನ್ನ ಮಗಳೇ ಇರಬಹುದು. ಗೇಟಿನ ಚಿಲಕ ಹಾಕಿ ವಾಪಸ್ ಬಂದು ಪ್ಯಾನೆಲ್ಲಿನ ಮುಂದೆ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವ ಕುರ್ಚಿಯ ಮೇಲೂ ಕೂತಿಲ್ಲ.

ಬೆಳಗಿನ ಪಾಳಿಯವನು ಬಂದೊಡನೆ ಓಡಿದೆ. ನಮ್ಮ ಮನೆಯ ಬಾಗಿಲು ತೆಗೆದಿತ್ತು. ನಾನು ದಿನವೂ ಅಡ್ಡ ಮಲಗುತ್ತಿದ್ದ ಹೊಸ್ತಿಲ ಮೇಲೆ ಸುಮಿತ್ರ ಕೂತಿದ್ದಳು, ತೊಡೆಯ ಮೇಲೆ ಚೈತ್ರ ಮಲಗಿದ್ದಳು. ಹತ್ತಿರ ಹೋಗಿ ಮಗಳ ಹಣೆ ಮುಟ್ಟಿ ನೋಡಿದೆ. ಅಲ್ಲೇ ಅವರ ಪಕ್ಕ ಕೂತೆ.

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನ ಹೆಂಗಸೊಬ್ಬಳು ಸಿಕ್ಕಿ, "ನಿನ್ನ ಮಗಳು ಈಗ ತ್ವಾಟದಲ್ಲೇ ಮಲಗೋದಂತಲ್ಲವ್ವ" ಅಂದಿದ್ದಳಂತೆ. ಸುಮಿತ್ರ ಕೊನೆಯ ಬಸ್ಸು ಹತ್ತಿಬಿಟ್ಟಿದ್ದಳು. ಆ ಬಸ್ಸು ದಾರಿಯಲ್ಲಿ ಕೆಟ್ಟು, ಅವಳು ಊರು ಸೇರುವ ಹೊತ್ತಿಗೆ ಸರಿಯಾಗಿ ನಾನು ತ್ರೀ ಫೇಸ್ ಬಿಟ್ಟಿದ್ದೆ. ಒಂದು ಹೆಗಲ ಮೇಲೆ ಸನಿಕೆ, ಇನ್ನೊಂದರ ಮೇಲೆ ಮಲಗಿದ ಮಗು ಹೊತ್ತು ಕತ್ತಲಲ್ಲಿ ಹೊರಟಿದ್ದ ಗಂಗಕ್ಕ ಎದುರಾಗಿದ್ದಳು. ಇವಳು ಮಗುವನ್ನು ಕಿತ್ತುಕೊಂಡು ಮನೆಗೆ ಬಂದಿದ್ದಳು.

"ನಾನು ವಾಪಸ್ ಹೋಗಲ್ಲ" ಅಂದಳು ಸುಮಿತ್ರ.

"ಪರೀಕ್ಷೆ?"

"ನನ್ನ ಮಗು ಹಾವು ಚೇಳಿನ ಮಧ್ಯೆ ಮಲಗಿರುವಾಗ ನಾನು ಬೇರೆಯವರ ಮಕ್ಕಳಿಗೆ ಅ ಆ ಕಲಿಸಕ್ಕೆ ಓದಬೇಕಾ? ನಿಮ್ಮ ಹಟಕ್ಕೆ ಇವಳನ್ನ ಬಲಿ ಕೊಡ್ತೀರಾ?"

"ಹಟ ನಂದೊಬ್ಬಂದೇನಾ?" ಎಂದೆ. ಇನ್ನೂ ಏನೇನೋ ಹೇಳಬೇಕೆಂದಿತ್ತು. ಮೋಟ್ರು ಮನೆಗೆ ನಾನು ಮಾಡಿದ್ದನ್ನೆಲ್ಲ ವರ್ಣಿಸಲು ಹೋದೆ. ಅರ್ಥಿಂಗ್ ಅಂದರೆ ಏನು ಎಂದು ಅಳುತ್ತಿರುವ ಹೆಂಡತಿಗೆ ಹೇಳುವುದು ಎಂಥ ಪೆದ್ದುತನ ಎಂದು ನಡುವೆ ಗೊತ್ತಾಯಿತು. ಸಂಜೆ ಬುತ್ತಿ ಕಟ್ಟಿಕೊಂಡು ಹೊರಟೆ. "ಇವತ್ತು ನಿನ್ನ ಮಗಳ ಪಕ್ಕ ನೀನೇ ಮಲಗು. ಹೋಗೋದು ಬಿಡೋದು ನಾಳೆ ಹೇಳು" ಎಂದೆ.

ಆ ರಾತ್ರಿ ಫೋನು ಬಂತು, ಹ್ಯಾಂಡಲ್ ತಿರುಗಿಸಿದೆ. ಕಿಟಕಿಗೆ ಹೋಗುವ ಕೆಲಸವಿರಲಿಲ್ಲ. ಆದರೂ ಕಾಲು ಎಳೆದುಕೊಂಡು ಹೋಯಿತು. ಬಿಳಿ ಬಲ್ಬುಗಳು ಎಂದಿನಂತೆ ಹತ್ತಿಕೊಂಡವು. ಎಲ್ಲ ಮುಗಿಯಿತು, ಹುಳಿಯಾರಿನ ಅತ್ತೆಯೇ ಗೆದ್ದಳು ಎಂದು ಯೋಚಿಸುತ್ತ ನಿಂತಿದ್ದೆ.

ಕೆಂಪು ಬಲ್ಬು ಹತ್ತಿತು.

ಕಣ್ಣುಜ್ಜಿಕೊಂಡು ನೋಡಿದೆ. ಅದು ಆರಿತು. ಮತ್ತೆ ಹತ್ತಿತು. ಇನ್ನೊಮ್ಮೆ ಆರಿ, ಹತ್ತಿ, ಆಮೇಲೆ ಹಾಗೇ ಉರಿಯುತ್ತ ನಿಂತಿತು. ಗಂಗಕ್ಕ ಎಂದೂ ಹಾಗೆ ಮಾಡಿದವಳಲ್ಲ. ಆ ಒಂಟಿ ಕೋಣೆಯಲ್ಲಿ ಯಾರೂ ನೋಡುವವರಿಲ್ಲವಲ್ಲ, ನಾನು ಅತ್ತುಬಿಟ್ಟೆ.

ನಡೆದದ್ದನ್ನು ಬೆಳಗ್ಗೆ ಸುಮಿತ್ರಳೇ ಹೇಳಿದಳು. ಮೋಟ್ರುಗಳ ಸದ್ದು ಶುರುವಾಗುತ್ತಲೇ ಚೈತ್ರ ಎದ್ದು ಕೂತಳಂತೆ. "ಅಮ್ಮ, ಕೆಂಪು ದೀಪ ಹಾಕ್ಬೇಕು. ಅಪ್ಪ ಕಾಯ್ತಾ ಇರ್ತಾರೆ." ಇವತ್ತು ಬೇಡ, ನಾನಿದ್ದೀನಿ ಎಂದು ಇವಳು ತಟ್ಟಿ ಮಲಗಿಸಲು ನೋಡಿದಳಂತೆ. ಮಗಳು ಕೇಳಿದಳಂತೆ: "ನೀನಿದ್ದೀಯ ಅಂತ ಅಪ್ಪಂಗೆ ಹೆಂಗೆ ಗೊತ್ತಾಗುತ್ತೆ?"

ಸುಮಿತ್ರ ಎದ್ದು ಹೋಗಿ ಗಂಗಕ್ಕನ ಬಾಗಿಲು ತಟ್ಟಿದಳು. ಮುಂದೆ ಗಂಗಕ್ಕ ಟಾರ್ಚು ಹಿಡಿದು, ಹಿಂದೆ ಇವಳು ಮಗು ಎತ್ತಿಕೊಂಡು ಕೆರೆ ಏರಿ ಇಳಿದರಂತೆ. ಮಂಚ ಮುಟ್ಟಿದ್ದೇ ತಡ, ಮೋಟ್ರಿನ ಸದ್ದಿಗೆ ಮಗು ಮಲಗಿಬಿಟ್ಟಿತಂತೆ.

"ತಡಿಕೆ ಗಟ್ಟಿಯಾಗಿ ಕಟ್ಟಿದ್ದೀರ" ಅಂದಳು. ಚೀಲಕ್ಕೆ ಸೀರೆ ಮಡಿಸಿಟ್ಟುಕೊಳ್ಳುತ್ತ, "ಅಲ್ಲಿಂದ ನಿಮ್ಮ ಸ್ಟೇಷನ್ನಿನ ಕಿಟಕಿ ಕಾಣುತ್ತೆ ಕಣ್ರೀ. ನಂಗೆ ಗೊತ್ತೇ ಇರ್ಲಿಲ್ಲ" ಅಂದಳು.

ನಂತರದ್ದು ಹೇಳುವುದು ಸುಲಭ. ಅವಳು ಪಾಸಾದಳು, ಕೆಲಸ ಸಿಕ್ಕಿತು, ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಗಳಲ್ಲಿ ಊರಿನ ಅರ್ಧ ಮಕ್ಕಳ ಕಿವಿ ಹಿಂಡಿದಳು. ಗಂಗಕ್ಕ ಈಗಿಲ್ಲ. ಚೈತ್ರ ಈಗಲೂ ಫ್ಯಾನು ಗುರ್ ಅನ್ನದಿದ್ದರೆ ಮಲಗುವುದಿಲ್ಲ, ಅವಳ ಗಂಡನಿಗೆ ಅದೊಂದು ಗೋಳು. ಆದರೆ ಆ ಬೇಸಿಗೆ ಎಂದರೆ ನನ್ನ ಕಣ್ಣಿಗೆ ಬರುವುದು ಆ ಬೆಳಗಿನ ಬಸ್ಸು.

ತುಮಕೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮಗು ನನ್ನ ಹೆಗಲ ಮೇಲಿತ್ತು. ಸುಮಿತ್ರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಮಗೂನ ಹುಷಾರಾಗಿ ನೋಡಿಕೊಳ್ಳಿ ಅನ್ನುತ್ತಾಳೆ ಎಂದು ನಾನು ತಲೆಯಾಡಿಸಲು ತಯಾರಾಗಿ ನಿಂತಿದ್ದೆ. ಕಂಡಕ್ಟರ್ ರೈಟ್ ಅಂದ. ಬಸ್ಸು ಹೊರಟೇಬಿಟ್ಟಿತು. ಅವಳು ಕಂಬಿ ಹಿಡಿದು ಬಾಗಿ ಕೂಗಿ ಹೇಳಿದಳು:

"ರೀ, ಆ ಬಲ್ಬು ಸುಟ್ಟೋದ್ರೆ ಕಷ್ಟ. ಇನ್ನೊಂದು ತಂದಿಟ್ಕೊಂಡಿರಿ."

ಆವತ್ತೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತುರುವೇಕೆರೆಗೆ ಹೋಗಿ ಎರಡು ತಂದೆ.